ತಂಗಿ ಬಿಚ್ಚಿದ ಕಂಪ್ಯೂಟರ್

ನನ್ನ ತಂಗಿಗೆ ಕಿವಿ ಕೇಳುವುದಿಲ್ಲ. ಎರಡು ವರ್ಷದವಳಿದ್ದಾಗ ಒಂದು ಜ್ವರ ಬಂತು, ಹೋಗುವಾಗ ಅವಳ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಆಗ ನಾವು ಕನ್ನೊಳ್ಳಿಯಲ್ಲಿದ್ದೆವು. ಊರಿನವರು ಅವಳನ್ನು ಹೆಸರಿನಿಂದ ಕರೆಯುವುದನ್ನು ಬಿಟ್ಟು ಮೂಕಿ ಅನ್ನತೊಡಗಿದರು. ಕರೆದರೂ ಕೇಳದವಳಿಗೆ ಹೆಸರು ಯಾಕೆ ಎಂದು ಅವರಿಗೆ ಅನ್ನಿಸಿರಬೇಕು. ಅವ್ವ ಮಾತ್ರ ಹಾಗೆ ಕರೆದವರನ್ನು ನಮ್ಮ ಕಟ್ಟೆಯ ಮೇಲೆ ಕೂರಗೊಡುತ್ತಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು, ತಂಗಿ ಮೂವರೂ ಸಿಂದಗಿಗೆ ಬಂದು ನೆಲೆಸಿದೆವು. ನಾನು ಆಲಮೇಲದ ರಸ್ತೆಯಲ್ಲಿರುವ ಒಂದು ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ತಂಗಿ ಕೆಲವು ವರ್ಷ ಪೇಟೆಯ ಫೋಟೋ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋ ಜೋಡಿಸುವ ಕೆಲಸ ಮಾಡಿದಳು. ಸ್ಟುಡಿಯೋದವರು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಅವಳೇ ಕೊಂಡುಕೊಂಡು ಮನೆಗೆ ತಂದಳು. ನಾನು ಹೇಳಹೊರಟಿರುವುದು ಆ ಹಳೆಯ ಪೆಟ್ಟಿಗೆಯ ವಿಷಯ. ಆದರೆ ಅದಕ್ಕೆ ಮೊದಲು ಅದು ನಮಗೆ ಯಾಕೆ ಅಷ್ಟು ಬೇಕಾಗಿತ್ತು ಎಂಬುದನ್ನು ಹೇಳಬೇಕು.

ಹತ್ತನೆಯ ತರಗತಿಯಲ್ಲಿ ತಂಗಿ ಗಣಿತದಲ್ಲಿ ನಪಾಸಾಗಿದ್ದಳು. ಉಳಿದ ವಿಷಯಗಳಲ್ಲೆಲ್ಲ ಚೆನ್ನಾಗಿಯೇ ಅಂಕ ಬಂದಿದ್ದವು. ಯಾಕೆ ಹೀಗಾಯಿತು ಎಂದು ನಾನು ಸಿಟ್ಟಿನಿಂದ ಕೇಳಿದಾಗ ಅವಳು ಎದ್ದು ನಿಂತು, ಗೋಡೆಯ ಕಡೆ ಮುಖ ಮಾಡಿ, ನನಗೆ ಬೆನ್ನು ತೋರಿಸಿ, ಗಾಳಿಯಲ್ಲಿ ಏನೋ ಬರೆಯುತ್ತ ತುಟಿ ಅಲ್ಲಾಡಿಸಿದಳು. ಅವಳ ಮೇಷ್ಟ್ರು ಹಲಗೆಯ ಕಡೆ ತಿರುಗಿ ಮಾತಾಡುತ್ತಿದ್ದರು. ತುಟಿ ನೋಡಿ ಪಾಠ ಹಿಡಿಯುವವಳಿಗೆ ವರ್ಷಪೂರ್ತಿ ಕಂಡದ್ದು ಒಂದು ಬೆನ್ನು. ನಾನಾಗ ಬಿ.ಎಡ್. ಓದುತ್ತಿದ್ದೆ. ಅಭ್ಯಾಸ ಪಾಠಗಳಲ್ಲಿ ನಾನೂ ಹಾಗೆಯೇ ನಿಲ್ಲುತ್ತಿದ್ದೆ ಎಂಬುದು ಹೊಳೆದು ನನ್ನ ಸಿಟ್ಟು ಅಲ್ಲಿಗೇ ನಿಂತಿತು. ಆ ಬೇಸಿಗೆಯಲ್ಲಿ ಅಡುಗೆಮನೆಯ ಕಲ್ಲಿನ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ಎದುರು ಕೂತು ಕಲಿಸಿದೆ. ಮರುಪರೀಕ್ಷೆಯಲ್ಲಿ ಪಾಸಾದಳು.

ಎಷ್ಟೋ ವರ್ಷಗಳ ಮೇಲೆ, ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರೊಬ್ಬರು ನಮ್ಮ ಶಾಲೆಗೆ ಬಂದಿದ್ದಾಗ, ಕಿವಿ ಕೇಳದ ಮಕ್ಕಳು ಮಾಮೂಲಿ ಶಾಲೆಗಳಲ್ಲಿ ಹಿಂದಿನ ಬೆಂಚಿನ ಮೇಲೆ ಸುಮ್ಮನೆ ಕೂತು ಹತ್ತನೆಯ ತರಗತಿ ಮುಟ್ಟುತ್ತಾರೆ ಎಂದು ಹೇಳಿದರು. ನಮ್ಮ ತಾಲ್ಲೂಕಿನಲ್ಲಿ ಇಬ್ಬರು, ಇಂಡಿ ಕಡೆ ಹೊರ್ತಿಯಲ್ಲಿ ಒಬ್ಬಳು, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಇನ್ನೊಂದಿಷ್ಟು ಮಂದಿ. ಮನೆಗೆ ಬಂದು ಇದನ್ನು ತಂಗಿಗೆ ಹೇಳಿದೆ. ಅವಳು ಆ ರಾತ್ರಿ ಊಟಕ್ಕೆ ಕೂತವಳು ಅರ್ಧಕ್ಕೆ ಕೈ ತೊಳೆದು, ನೀನು ಪಾಠ ಮಾಡು, ನಾನು ಮೂಲೆಯಲ್ಲಿ ನಿಂತು ಕೈಸನ್ನೆಯ ಭಾಷೆಯಲ್ಲಿ ಹೇಳುತ್ತೇನೆ, ಎರಡನ್ನೂ ಒಂದೇ ಪರದೆಯಲ್ಲಿ ಕೂಡಿಸುತ್ತೇನೆ ಎಂದು ಕೈಯಲ್ಲೇ ಹೇಳಿದಳು. ಹಾಗೆ ನಮ್ಮ ಪಾಠಗಳು ಶುರುವಾದವು. ಒಂದು ಕಡೆ ನಾನು ಮತ್ತು ಹಲಗೆ, ಇನ್ನೊಂದು ಕಡೆ ಅವಳು ಮತ್ತು ಅವಳ ಕೈಗಳು. ಮೂರನೆಯ ವರ್ಷದ ಹೊತ್ತಿಗೆ ನಾಲ್ಕು ತಾಲ್ಲೂಕುಗಳ ಹನ್ನೊಂದು ಮಕ್ಕಳ ಮೊಬೈಲಿಗೆ ವಾರಕ್ಕೊಂದು ಪಾಠ ಹೋಗುತ್ತಿತ್ತು.

ತೊಂದರೆ ಇದ್ದದ್ದು ಕಂಪ್ಯೂಟರಿನದು. ಎರಡು ವಿಡಿಯೋಗಳನ್ನು ಒಟ್ಟಿಗೆ ಕೂಡಿಸುವಾಗ ಅದಕ್ಕೆ ಉಸಿರು ಕಟ್ಟುತ್ತಿತ್ತು. ಚಿತ್ರ ನಿಂತು ನಿಂತು ಹೋಗುತ್ತಿತ್ತು. ನನ್ನ ಹಲಗೆ ನಿಂತರೆ ಅಂಥ ನಷ್ಟವಿಲ್ಲ, ಅಕ್ಷರ ಹಾಗೇ ಇರುತ್ತದೆ. ಅವಳ ಕೈ ನಡುವೆ ನಿಂತರೆ ಮಾತೇ ಕಡಿದುಹೋಗುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಚಿಕ್ಕದಾಯಿತು, ದೊಡ್ಡದು ಬೇಕು ಎಂದು ಅವಳೇ ಕಂಡುಕೊಂಡಳು. ಒಂದು ತಿಂಗಳು ಮೊಬೈಲಿನಲ್ಲಿ ಅದನ್ನು ಬದಲಿಸುವ ವಿಡಿಯೋಗಳನ್ನು, ಕೆಳಗೆ ಅಕ್ಷರ ಬರುವಂಥವನ್ನು ಹುಡುಕಿ ಹುಡುಕಿ ನೋಡಿದಳು. ವಿಜಯಪುರದಿಂದ ಯಾರೋ ಬಳಸಿ ಬಿಟ್ಟ ಒಂದು ಕಾರ್ಡನ್ನು ತರಿಸಿದಳು. ಎರಡು ಫ್ಯಾನ್ ಇದ್ದ, ಇಟ್ಟಿಗೆಯಷ್ಟು ಉದ್ದದ ವಸ್ತು ಅದು.

ಆ ಶನಿವಾರ ನಾನು ಬೆಳಗಿನ ಶಾಲೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ಕಂಪ್ಯೂಟರಿನ ಪೆಟ್ಟಿಗೆ ಊಟದ ಮೇಜಿನ ಮೇಲೆ ಅಡ್ಡ ಮಲಗಿತ್ತು. ಪಕ್ಕದ ತಗಡು ಬಿಚ್ಚಿತ್ತು. ಸ್ಕ್ರೂಗಳೆಲ್ಲ ಸ್ಟೀಲಿನ ಬಟ್ಟಲಲ್ಲಿದ್ದವು. ಅವ್ವ ಬಾಗಿಲಿಗೆ ಒರಗಿ ನಿಂತು, ಹೊಟ್ಟೆ ಸೀಳಿದ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

"ಎಲ್ಲಾ ಬಿಚ್ಚಿ ಹರವ್ಯಾಳ. ಮತ್ತ ಹೊಂದಸಾಕ ಬರ್ತೈತೇನ ಈಕಿಗೆ?" ಎಂದು ನನ್ನನ್ನು ಕೇಳಿದಳು.

ಬರುತ್ತದೆ ಎಂದೆ. ನನಗೆ ಅಷ್ಟು ಧೈರ್ಯವಿರಲಿಲ್ಲ. ಪರೀಕ್ಷೆಗೆ ಆರು ವಾರ ಉಳಿದಿತ್ತು. ತ್ರಿಕೋನಮಿತಿಯ ಪಾಠ ಚಿತ್ರೀಕರಿಸಿ ಇಟ್ಟಿದ್ದೆವು, ಕೂಡಿಸಿರಲಿಲ್ಲ. ಹೊರ್ತಿಯ ಹುಡುಗಿ ಆಗಲೇ ಎರಡು ಸಲ, ಮುಂದಿನ ಪಾಠ ಯಾವಾಗ ಎಂದು ಸಂದೇಶ ಕಳಿಸಿದ್ದಳು.

ತಂಗಿ ಹಳೆಯ ಕಾರ್ಡ್ ತೆಗೆದು, ಹೊಸದನ್ನು ಅದೇ ಜಾಗದಲ್ಲಿ ಒತ್ತಿ ಕೂರಿಸಿ, ಅದಕ್ಕೆ ಬೇಕಾದ ಹೆಚ್ಚಿನ ಕರೆಂಟಿನ ವಾಯರ್ ಚುಚ್ಚಿ, ನನ್ನ ಕಡೆ ನೋಡಿ ನಕ್ಕು, ಗುಂಡಿ ಒತ್ತಿದಳು. ಫ್ಯಾನ್ ಒಂದು ಸಲ ಮೈ ಕೊಡವಿ ನಿಂತಿತು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದಳು. ಮತ್ತೆ ಅದೇ. ಆಯಿತು, ಹಳೆಯದನ್ನೇ ಹಾಕೋಣ ಎಂದು ಹೊಸದನ್ನು ತೆಗೆದು ಹಳೆಯದನ್ನು ಕೂರಿಸಿದಳು. ಈ ಸಲ ಒಳಗಿನ ಫ್ಯಾನುಗಳೆಲ್ಲ ತಿರುಗಿದವು, ಆದರೆ ಪರದೆ ಬೆಳಗಲಿಲ್ಲ. ಬೆಳಿಗ್ಗೆಯವರೆಗೆ ನಡೆಯುತ್ತಿದ್ದ ಕಾರ್ಡೂ ಈಗ ನಡೆಯುತ್ತಿಲ್ಲ ಎಂದಾದಾಗ ಅವಳ ಮುಖದ ಬಣ್ಣ ಇಳಿಯಿತು. ನನ್ನದೂ ಇಳಿದಿರಬೇಕು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯೊಂದಿದೆ. ನಾನೇ ಅವಸರ ಮಾಡಿ ಆಟೋ ಕರೆದು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳನ್ನೂ ಕರೆದುಕೊಂಡು ಹೋದೆ. ಶನಿವಾರದ ಮಧ್ಯಾಹ್ನ, ಅಂಗಡಿ ತುಂಬಿತ್ತು. ಅಂಗಡಿಯವನು ಕೆಟ್ಟವನಲ್ಲ, ಕೈ ತುಂಬ ಕೆಲಸವಿದ್ದವನು. ಐದು ನಿಮಿಷ ನೋಡಿದ. ಚಾಲೂ ಮಾಡಿದ, ಬಂದ್ ಮಾಡಿದ, ಒಂದೆರಡು ವಾಯರ್ ಎಳೆದು ಚುಚ್ಚಿದ. ತಂಗಿ ಏನೇನು ಮಾಡಿದ್ದೆ ಎಂದು ಕೈಯಲ್ಲಿ ಹೇಳತೊಡಗಿದರೆ ಅವನು ಅವಳ ಕಡೆ ನೋಡಲೇ ಇಲ್ಲ.

"ಅಕ್ಕಾರ, ಮದರ್‌ಬೋರ್ಡ್ ಹೋಗೇತ್ರಿ," ಎಂದು ನನಗೆ ಹೇಳಿದ. "ಗೊತ್ತಿಲ್ಲದವರು ಕೈ ಹಾಕಿದ್ರ ಹಿಂಗ ಆಗ್ತೈತ್ರಿ. ಬಿಟ್ಟು ಹೋಗ್ರಿ, ಮುಂದಿನ ವಾರ ನೋಡೂಣು."

ತಂಗಿ ನನ್ನ ತೋಳು ಮುಟ್ಟಿ, ಏನಂದ ಎಂದು ಕೇಳಿದಳು. ಒಳಗಿನ ಮುಖ್ಯ ಬೋರ್ಡೇ ಹೋಗಿದೆಯಂತೆ, ಬಹಳ ಕೆಲಸ ಇದೆಯಂತೆ ಎಂದೆ. ನಡುವಿನ ಮಾತನ್ನು ಬಿಟ್ಟುಬಿಟ್ಟೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅಂಗಡಿಯವನ ಮೇಜಿನಿಂದ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೊರಗೆ ಹೊರಟಳು. ಆಟೋದಲ್ಲಿ ಕೂತಾಗ, ಅವನ ತುಟಿ ನನಗೆ ಕಾಣುತ್ತಿತ್ತು, ಗೊತ್ತಿಲ್ಲದವರು ಎಂದ, ಅದನ್ನು ನೀನು ನನಗೆ ಹೇಳಲಿಲ್ಲ ಎಂದು ಕೈಯಲ್ಲಿ ಹೇಳಿದಳು. ಸಿಟ್ಟು ಅವನ ಮೇಲಲ್ಲ, ನನ್ನ ಮೇಲೆ. ಚಿಕ್ಕಂದಿನಿಂದ ಲೋಕದ ಮಾತನ್ನು ಅವಳಿಗೆ ದಾಟಿಸುತ್ತಿದ್ದವಳು ನಾನು. ನೋವಾಗುವ ಮಾತುಗಳನ್ನು ಸೋಸಿ ದಾಟಿಸುವುದು ಪ್ರೀತಿ ಎಂದು ತಿಳಿದಿದ್ದೆ. ಎಷ್ಟು ವರ್ಷಗಳಿಂದ ಅದನ್ನು ಅವಳು ಬಲ್ಲಳೋ, ಕೇಳುವ ಧೈರ್ಯ ನನಗಾಗಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ತಲೆಗೆ ಸ್ನಾನ ಮಾಡಿ ಬರುವ ಹೊತ್ತಿಗೆ ಅವಳು ಮೇಜಿನ ಮೇಲೆ ಹೋದ ವರ್ಷದ ಕ್ಯಾಲೆಂಡರಿನ ಒಂದು ಹಾಳೆಯನ್ನು ಮಗುಚಿ ಹಾಕಿ, ಅದರ ಬಿಳಿಯ ಬೆನ್ನಿನ ಮೇಲೆ ಗೆರೆ ಹಾಕಿಕೊಂಡು ಕೂತಿದ್ದಳು. ಐದು ಮನೆಗಳು. ಒಳಗೆ ಏನಿದೆ, ಹೊರಗೆ ಏನು ತೆಗೆದೆ, ದೀಪ, ಫ್ಯಾನ್ ಎಂದು ನಾಲ್ಕಕ್ಕೆ ತಲೆಬರಹ ಬರೆದಿದ್ದಳು. ಐದನೆಯದಕ್ಕೆ ಸದ್ದು ಎಂದು ಬರೆದು ಪೆನ್ನನ್ನು ನನ್ನ ಕೈಗಿತ್ತಳು. ಈ ಮನೆ ನೀನು ತುಂಬು ಎಂದಳು. ಕೆಟ್ಟಾಗ ಕಂಪ್ಯೂಟರ್ ಒಳಗಿನಿಂದ ಪೀಂ ಪೀಂ ಎಂದು ಕೂಗುತ್ತದೆ, ಎಷ್ಟು ಸಲ, ಉದ್ದವೋ ಗಿಡ್ಡವೋ ಎಂಬುದರಿಂದ ರೋಗ ತಿಳಿಯುತ್ತದೆ ಎಂದು ಅವಳು ಓದಿಕೊಂಡಿದ್ದಳು. ಶನಿವಾರ ಅದು ಕೂಗಿತೇ ಎಂದು ಕೇಳಿದಳು. ನೆನಪು ಮಾಡಿಕೊಂಡೆ. ಮನೆಯಲ್ಲೂ ಕೂಗಿರಲಿಲ್ಲ, ಅಂಗಡಿಯಲ್ಲೂ ಕೂಗಿರಲಿಲ್ಲ. ಅದಕ್ಕೇ ಅಂಗಡಿಯವನು ಬೋರ್ಡ್ ಸತ್ತಿದೆ ಎಂದಿರಬೇಕು.

ಅವಳು ಒಂದೊಂದಾಗಿ ಎಲ್ಲವನ್ನೂ ಹೊರತೆಗೆದಳು. ಕಾರ್ಡ್ ಹೊರಗೆ. ನೆನಪಿನ ಪಟ್ಟಿಗಳು, ರ‍್ಯಾಮ್ ಅನ್ನುತ್ತಾರಲ್ಲ ಅವು, ಎರಡಿದ್ದವು, ಎರಡೂ ಹೊರಗೆ. ಪ್ರತಿ ಸಲ ತೆಗೆಯುವ ಮೊದಲು ಗೋಡೆಯ ಪ್ಲಗ್ ಕಿತ್ತು, ಮೈಯಲ್ಲಿ ಕೂತ ಕರೆಂಟ್ ಇಳಿಯಲೆಂದು ಪೆಟ್ಟಿಗೆಯ ತಗಡನ್ನು ಕೈಯಿಂದ ಮುಟ್ಟಿ, ಆಮೇಲೆ ಒಳಗೆ ಕೈ ಹಾಕುತ್ತಿದ್ದಳು. ನಾನು ಎರಡು ಕೆಲಸ ಒಟ್ಟಿಗೆ ಮುಗಿಸೋಣ ಎಂದು ಅವಸರಪಟ್ಟಾಗ ನನ್ನ ಕೈಯನ್ನು ಸರಿಸಿ ಒಂದು ಬೆರಳು ತೋರಿಸಿದಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರಯೋಗದಲ್ಲಿ ಒಂದೇ ಸಲಕ್ಕೆ ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ ಎಂದು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನಮ್ಮ ಮನೆಯಲ್ಲಿ ಅದನ್ನು ಪಾಲಿಸಿದವಳು ಅವಳು.

ಏನೂ ಇಲ್ಲದ ಬರಿಯ ಬೋರ್ಡಿಗೆ ಕರೆಂಟ್ ಕೊಟ್ಟಳು. ಒಳಗಿನಿಂದ ಉದ್ದನೆಯ ಸದ್ದು ಬಂತು, ನಿಂತಿತು, ಮತ್ತೆ ಬಂತು. ನಾನು ಅವಳ ಮುಂಗೈ ಹಿಡಿದು, ಸದ್ದು ಇರುವಷ್ಟು ಹೊತ್ತು ಒತ್ತಿ, ನಿಂತಾಗ ಬಿಟ್ಟು, ಮತ್ತೆ ಒತ್ತಿದೆ. ಅವಳು ಕಣ್ಣರಳಿಸಿ ನನ್ನನ್ನು ನೋಡಿದಳು. ಬೋರ್ಡ್ ಸತ್ತಿದ್ದರೆ ನೆನಪಿನ ಪಟ್ಟಿ ಇಲ್ಲ ಎಂದು ದೂರು ಹೇಳುತ್ತಿತ್ತೇ ಎಂದು ಕೇಳಿದಳು. ಹೇಳುತ್ತಿರಲಿಲ್ಲ. ಅಂಗಡಿಯವನು ಹೇಳಿದ್ದು ತಪ್ಪು ಎಂದು ಆ ಸದ್ದು ಅಲ್ಲಿಯೇ ಹೇಳಿಬಿಟ್ಟಿತ್ತು. ನಾನು ಸದ್ದಿನ ಮನೆಯಲ್ಲಿ 'ಉದ್ದ, ಬಿಟ್ಟು ಬಿಟ್ಟು' ಎಂದು ಬರೆದೆ. 

ಒಂದು ಪಟ್ಟಿ ಹಾಕಿ ನೋಡಿದಳು. ಸದ್ದು ಬದಲಾಯಿತು, ಆ ಪಟ್ಟಿ ಸರಿಯಿತ್ತು. ಎರಡನೆಯದನ್ನು ಅದರ ಜಾಗದಲ್ಲಿ ಇಟ್ಟವಳು ಒತ್ತದೆ ನಿಂತು, ತಲೆಯನ್ನು ಮೇಜಿನ ಮಟ್ಟಕ್ಕೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡಿದಳು. ನನ್ನನ್ನೂ ಬಗ್ಗಿಸಿ ತೋರಿಸಿದಳು. ಆ ಪಟ್ಟಿಯನ್ನು ಹಿಡಿದಿಡುವ ಪ್ಲಾಸ್ಟಿಕ್ಕಿನ ಕೊಂಡಿ, ಕಾರ್ಡ್ ಕೂತಾಗ ಅದರ ಬಾಲ ಬರುವ ಜಾಗದ ಪಕ್ಕದಲ್ಲೇ ಇತ್ತು. ಹೊಸ ಕಾರ್ಡ್ ಉದ್ದವಾದ್ದರಿಂದ ಅದನ್ನು ಒತ್ತಿ ಕೂರಿಸುವಾಗ ಆ ಕೊಂಡಿಗೆ ತಗಲಿ ಅದು ಸಡಿಲಾಗಿತ್ತು, ಶನಿವಾರ ಪಟ್ಟಿ ಒಂದು ಕಡೆ ಕೂದಲೆಳೆಯಷ್ಟು ಮೇಲೆದ್ದಿರಬೇಕು. ಅದು ಪೂರ್ತಿ ಹೊರಗೂ ಇಲ್ಲದೆ ಅರೆಬರೆ ತಾಗಿಕೊಂಡಿದ್ದರಿಂದ ಹಳೆಯ ಕಾರ್ಡ್ ಮತ್ತೆ ಹಾಕಿದಾಗಲೂ ಕಂಪ್ಯೂಟರ್ ಎದ್ದಿರಲಿಲ್ಲ, ಕೂಗಿಯೂ ಇರಲಿಲ್ಲ. ಕೆಟ್ಟಿದ್ದು ಯಾವುದೂ ಅಲ್ಲ, ಜರುಗಿದ್ದು ಮಾತ್ರ.

ನನ್ನ ಕಂಪಾಸಿನಲ್ಲಿದ್ದ ರಬ್ಬರಿನಿಂದ ಅವಳು ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಮೆಲ್ಲಗೆ ಉಜ್ಜಿದಳು, ಊದಿದಳು, ಜಾಗದಲ್ಲಿ ಇಟ್ಟಳು. ಟಕ್ ಎಂದು ಸದ್ದು ಬರಬೇಕಂತೆ, ನಾನು ಕೇಳಿ ಹೇಳಲೇ ಎಂದೆ. ಅವಳು ನಕ್ಕು ತನ್ನ ಹೆಬ್ಬೆರಳು ತೋರಿಸಿದಳು. ಅದು ಇಲ್ಲಿಗೆ ಬರುತ್ತದೆ ಎಂದಳು. ಒತ್ತಿದಳು. ನನಗೆ ಟಕ್ ಕೇಳುವ ಮೊದಲೇ ಅವಳ ತಲೆ ಸರಿಯಾಯಿತು ಎಂಬಂತೆ ಅಲ್ಲಾಡಿತ್ತು.

ಹಳೆಯ ಕಾರ್ಡ್ ಹಾಕಿ ಗುಂಡಿ ಒತ್ತಿದಾಗ ಒಂದೇ ಒಂದು ಗಿಡ್ಡ ಸದ್ದು ಬಂತು, ಪರದೆ ಬೆಳಗಿತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ಬೆಳಗಿನ ಹನ್ನೊಂದು ಗಂಟೆ ಇರಬೇಕು. ನಾನು ಕುರ್ಚಿಯ ಮೇಲೆ ಕುಸಿದು ಕೂತು, ಸಾಕು, ಇಷ್ಟಕ್ಕೆ ಮುಚ್ಚಿಬಿಡೋಣ ಎಂದೆ. ಹಳೆಯದೇ ಇರಲಿ, ನಿಧಾನವಾದರೂ ನಡೆಯುತ್ತದೆ, ಪರೀಕ್ಷೆ ಹತ್ತಿರ ಬಂದಿದೆ, ಮತ್ತೆ ಕೈ ಹಾಕಿ ಕೆಟ್ಟರೆ ಏನು ಮಾಡುವುದು. ಅವ್ವನೂ ನನ್ನ ಮಾತಿಗೆ ತಲೆದೂಗಿದಳು. ತಂಗಿ ಇಬ್ಬರ ಮುಖವನ್ನೂ ನೋಡಿದಳು. ಕೈಯಲ್ಲಿ ಹೇಳಲಿಲ್ಲ. ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನ ಹಾಳೆಯ ಅಂಚಿನಲ್ಲಿ ಬರೆದಳು.

"ಅಕ್ಕ, ನನ್ನ ಕೈ ತೊದಲಬಾರದು."

 ಮಕ್ಕಳು ಅವಳ ಕೈಯನ್ನು ಓದುತ್ತಿದ್ದರು. ನಿಂತು ನಿಂತು ಹೋಗುವ ಚಿತ್ರದಲ್ಲಿ ಅವಳು ಅವರಿಗೆ ತೊದಲುವವಳಂತೆ ಕಾಣುತ್ತಿದ್ದಳು. ಮೂರು ವರ್ಷ ಅದನ್ನು ಸಹಿಸಿಕೊಂಡಿದ್ದಳು, ನನಗೆ ಹೇಳಿರಲಿಲ್ಲ. ನಾನು ಸೋಸಿದ ಮಾತುಗಳ ಹಾಗೆಯೇ ಅವಳೂ ಕೆಲವನ್ನು ಸೋಸಿ ಇಟ್ಟುಕೊಂಡಿದ್ದಳು. ಕುರ್ಚಿಯಿಂದ ಎದ್ದು ಪೆನ್ನು ಹಿಡಿದೆ.

ಹೊಸ ಕಾರ್ಡ್ ಕೂರಿಸಿದೆವು. ಈ ಸಲ ಕೊಂಡಿಗೆ ತಗಲದ ಹಾಗೆ ನಾನು ಬೆರಳಿಟ್ಟು ಹಿಡಿದುಕೊಂಡೆ. ಕರೆಂಟಿನ ಹೆಚ್ಚಿನ ವಾಯರನ್ನು ಚುಚ್ಚಿ ನೋಡಿದರೆ ಶನಿವಾರದ್ದೇ ಆಟ. ಫ್ಯಾನ್ ಕಾಲು ಸುತ್ತು ತಿರುಗಿ ನಿಲ್ಲುತ್ತಿತ್ತು, ಇಡೀ ಪೆಟ್ಟಿಗೆಯೇ ಬಂದ್ ಆಗುತ್ತಿತ್ತು. ಆ ವಾಯರ್ ಕಿತ್ತು ನೋಡೋಣ ಎಂದಳು ತಂಗಿ. ಕಿತ್ತಾಗ ಪೆಟ್ಟಿಗೆ ಬಂದ್ ಆಗಲಿಲ್ಲ. ಒಂದು ಉದ್ದ, ಎರಡು ಗಿಡ್ಡ ಸದ್ದು ಬಂತು. ಅವಳ ಮುಂಗೈ ಮೇಲೆ ಅದನ್ನು ಹಾಗೇ ಒತ್ತಿ ತೋರಿಸಿದೆ. ವಿಡಿಯೋ ನೋಡುವಾಗ ಬರೆದಿಟ್ಟುಕೊಂಡಿದ್ದ ತನ್ನ ನೋಟ್‌ಪುಸ್ತಕದಲ್ಲಿ ನೋಡಿ, ಇದು ಕಾರ್ಡ್ ತನಗೆ ಕರೆಂಟ್ ಸಾಲದು ಅನ್ನುವ ಮಾತು ಎಂದಳು. ಕೊಟ್ಟರೆ ಪೆಟ್ಟಿಗೆ ಆರುತ್ತದೆ, ಕೊಡದಿದ್ದರೆ ಕಾರ್ಡ್ ದೂರು ಹೇಳುತ್ತದೆ. ಎರಡನ್ನೂ ಹಾಳೆಯಲ್ಲಿ ಬರೆದು, ಎರಡರ ನಡುವೆ ಗೆರೆ ಎಳೆದಳು.

ಆಮೇಲೆ ತಲೆಯೆತ್ತಿ ಮೇಲಿನ ಬಲ್ಬ್ ತೋರಿಸಿದಳು. ಕನ್ನೊಳ್ಳಿಯ ಕಡೆ ಕೈ ಮಾಡಿದಳು. ಬಾವಿಯ ಮೋಟರಿನ ಗುಂಡಿ ಒತ್ತಿದಂತೆ ಮಾಡಿ, ಎರಡೂ ಅಂಗೈಗಳನ್ನು ಮೆಲ್ಲಗೆ ಮುಚ್ಚಿದಳು. ನನಗೆ ತಕ್ಷಣ ಗೊತ್ತಾಯಿತು. ಅಪ್ಪ ಹೊಲದಲ್ಲಿ ಮೋಟರ್ ಚಾಲೂ ಮಾಡಿದಾಗ ಗುಡಿಸಲಿನ ಬಲ್ಬ್ ಮಂಕಾಗುತ್ತಿತ್ತು. ಕಿವಿ ಕೇಳದ ಅವಳಿಗೆ ಮೋಟರ್ ಶುರುವಾಯಿತು ಎಂದು ತಿಳಿಯುತ್ತಿದ್ದದ್ದೇ ಆ ಬಲ್ಬಿನಿಂದ. ಕಾರ್ಡಿನಲ್ಲಿ ದೋಷವಿರಲಿಲ್ಲ, ಬೋರ್ಡಿನಲ್ಲೂ ಇರಲಿಲ್ಲ. ಎಲ್ಲಕ್ಕೂ ಕರೆಂಟ್ ಹಂಚುವ ಎಸ್‌ಎಂಪಿಎಸ್ ಎಂಬ ತಗಡಿನ ಡಬ್ಬಿ ಹಳೆಯದಾಗಿತ್ತು, ಚಿಕ್ಕದಾಗಿತ್ತು. ದೊಡ್ಡ ಕಾರ್ಡ್ ಕೈ ಚಾಚಿದ ಕೂಡಲೇ ಅದು ಕುಸಿಯುತ್ತಿತ್ತು. ಅದರ ಮೇಲಿನ ಚೀಟಿಯನ್ನು ಟಾರ್ಚ್ ಬಿಟ್ಟು ಓದಿ, ಕಾರ್ಡಿಗೆ ಬೇಕಾದದ್ದನ್ನೂ ಅದು ಕೊಡಬಲ್ಲದ್ದನ್ನೂ ಪಕ್ಕಪಕ್ಕ ಬರೆದಳು. ನಾನು ಗಣಿತದ ಟೀಚರ್, ಸಾಲದು ಎಂದು ತಿಳಿಯಲು ಕೂಡಿಸಿ ನೋಡುವ ಅಗತ್ಯವೇ ಇರಲಿಲ್ಲ.

ನಾಳೆ ಸಂಜೆ ನಾನು ಶಾಲೆಯಿಂದ ಬಂದ ಮೇಲೆ ಇಬ್ಬರೂ ಅಂಗಡಿಗೆ ಹೋಗೋಣ ಎಂದೆ. ಬೇಡ ಎಂದಳು. ನೀನು ಬಂದರೆ ಅವನು ನಿನ್ನ ಜೊತೆಯೇ ಮಾತಾಡುತ್ತಾನೆ ಎಂದಳು.  ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಅವಳು ಪೆಟ್ಟಿಗೆಯನ್ನು ಹಳೆಯ ಚಾದರದಲ್ಲಿ ಗಂಟು ಕಟ್ಟುತ್ತಿದ್ದಳು. ಅವ್ವ ಜೊತೆಗೆ ಹೋಗಲು ಸೆರಗು ಸರಿಮಾಡಿಕೊಂಡಿದ್ದಳು. ತಂಗಿ ಅವಳನ್ನೂ ತಡೆದು ಮನೆಯಲ್ಲೇ ಕೂರಿಸಿಬಿಟ್ಟಳು.

ಆ ದಿನ ನಾನು ಎಂಥ ಪಾಠ ಮಾಡಿದೆನೋ ನೆನಪಿಲ್ಲ. ಊಟದ ಬಿಡುವಿನಲ್ಲಿ ಮೊಬೈಲ್ ತೆಗೆದರೆ ಒಂದು ಫೋಟೋ ಬಂದಿತ್ತು. ಅಂಗಡಿಯ ಮೇಜು, ನಮ್ಮ ಪೆಟ್ಟಿಗೆ, ಬೆಳಗಿದ ಪರದೆ. ಪರದೆಯ ಮೇಲೆ ತ್ರಿಕೋನಮಿತಿಯ ಪಾಠ. ಒಂದು ಕಡೆ ನಾನು, ಇನ್ನೊಂದು ಕಡೆ ಎತ್ತಿದ ಎರಡು ಕೈಗಳು. ಪಕ್ಕದಲ್ಲಿ ಕೂತಿದ್ದ ಹಿಂದಿ ಟೀಚರ್ ಬಗ್ಗಿ ನೋಡಿ, ಯಾರು ರಿಪೇರಿ ಮಾಡಿದರು ಎಂದು ಕೇಳಿದರು.

"ನಮ್ಮ ತಂಗಿ ಮಾಡ್ಯಾಳ್ರಿ," ಎಂದೆ. ಆಮೇಲೆ ಮುಖ್ಯ ಗುರುಗಳಿಗೂ ತೋರಿಸಿದೆ, ಬಿಸಿಯೂಟದವರಿಗೂ ತೋರಿಸಿದೆ. ಕೇಳದಿದ್ದವರಿಗೂ ತೋರಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಸಂಜೆ ಬಸ್ ಇಳಿದು ನೇರವಾಗಿ ಅಂಗಡಿಗೆ ಹೋದೆ. ತಂಗಿ ಇನ್ನೂ ಅಲ್ಲೇ ಇದ್ದಳು, ಮಧ್ಯಾಹ್ನವೆಲ್ಲ ಪಾಠ ಓಡಿಸಿ ನೋಡಿ ಈಗ ಸ್ಕ್ರೂ ಬಿಗಿಯುತ್ತಿದ್ದಳು. ಬೆಳಿಗ್ಗೆ ನಡೆದದ್ದನ್ನು ಅಂಗಡಿಯವನೇ ಹೇಳಿದ. ಅವನು ಬಾಯಿ ತೆರೆಯುವ ಮೊದಲೇ ಅವಳು ಕ್ಯಾಲೆಂಡರಿನ ಹಾಳೆಯನ್ನು ಮೇಜಿನ ಮೇಲೆ ಹರಡಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತಳಂತೆ. ಅವನು ಮೊದಲ ಸಾಲಿನಿಂದ ಓದಿದನಂತೆ. ಓದಿ ಮುಗಿಸಿ, ಒಳಗಿನಿಂದ ದೊಡ್ಡ ಎಸ್‌ಎಂಪಿಎಸ್ ಒಂದನ್ನು ತಂದು ಜೋಡಿಸಿ ಗುಂಡಿ ಒತ್ತಿದನಂತೆ.

"ಶನಿವಾರ ನಾ ಐದು ನಿಮಿಷ ನೋಡಿ ಹೇಳಿದ್ದೆರಿ ಅಕ್ಕಾರ," ಎಂದ. "ಇವರು ದಿನಾಪೂರ್ತಿ ನೋಡಿ ಬರದಾರ. ಇವರದ ಖರೇ ಐತ್ರಿ."

"ಅದನ್ನ ನನಗ ಹೇಳಬ್ಯಾಡ್ರಿ. ಆಕಿಗೆ ಹೇಳ್ರಿ."

ಅವನು ತಿರುಗಿ ಅವಳನ್ನು ನೋಡಿದ. ಹೇಗೆ ಹೇಳಬೇಕೆಂದು ತಿಳಿಯದೆ ಕೈ ಎತ್ತಿ ಇಳಿಸಿದ. ಕೊನೆಗೆ ಅವಳ ಎದುರಿಗೆ ಸರಿಯಾಗಿ ನಿಂತು, ತುಟಿಗಳನ್ನು ಬೇಕಾದ್ದಕ್ಕಿಂತ ಹೆಚ್ಚೇ ಅಗಲಿಸಿ, ನಿಮ್ಮದು ಸರಿ ಇತ್ತು, ನನ್ನದು ತಪ್ಪಿತ್ತು ಎಂದ. ಗ್ರಾಹಕರು ಮೂರು ಮಂದಿ ನೋಡುತ್ತಿದ್ದರು. ತಂಗಿ ಅವನ ಮಾತು ಮುಗಿಯುವವರೆಗೂ ನೋಡಿ, ತಲೆ ಆಡಿಸಿ, ಮತ್ತೆ ಸ್ಕ್ರೂ ಕಡೆ ತಿರುಗಿದಳು. ಕೊನೆಯ ಸ್ಕ್ರೂ ಇನ್ನೂ ಬಾಕಿ ಇತ್ತು. ನಾನು ಬೀದಿಯ ಕಡೆ ಮುಖ ಮಾಡಿ ಕಣ್ಣು ಒರೆಸಿಕೊಂಡೆ.

ಆ ವಾರವೇ ತ್ರಿಕೋನಮಿತಿ ಹೋಯಿತು. ಮೇಲ್ಮೈ ವಿಸ್ತೀರ್ಣ, ಘನಫಲಗಳ ಪಾಠಗಳೂ ಹೋದವು. ಹಿಂದೆ ಅರ್ಧ ದಿನ ತಿನ್ನುತ್ತಿದ್ದ ಕೆಲಸ ಈಗ ಅವಳು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಪಾಠ ತಲುಪಿದ ಮರುದಿನ ಹೊರ್ತಿಯ ಹುಡುಗಿ, ಅಕ್ಕನ ಕೈ ಈಗ ನೀರಿನ ಹಾಗೆ ಹೋಗುತ್ತದೆ ಎಂದು ಬರೆದು ಕಳಿಸಿದಳು. ಆ ಸಂದೇಶವನ್ನು ತಂಗಿ ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಹನ್ನೊಂದು ಮಕ್ಕಳಲ್ಲಿ ಹತ್ತು ಮಂದಿ ಗಣಿತದಲ್ಲಿ ಪಾಸಾದರು. ಉಳಿದ ಒಬ್ಬ ಮುದ್ದೇಬಿಹಾಳದ ಕಡೆಯ ಹುಡುಗ, ಎರಡು ಅಂಕಕ್ಕೆ ತಪ್ಪಿದ್ದ. ಮರುಪರೀಕ್ಷೆಗೆ ಅವನಿಗಾಗಿಯೇ ತಂಗಿ ನನ್ನಿಂದ ನಾಲ್ಕು ಪಾಠಗಳನ್ನು ಹೊಸದಾಗಿ ಮಾಡಿಸಿದಳು. ಅವನೂ ದಾಟಿದ.

ಕಾರ್ಡಿನ ಒಂದು ಫ್ಯಾನ್ ಈಗ ಗರಗರ ಅನ್ನುತ್ತದೆ. ನನಗೆ ಕಿರಿಕಿರಿ. ಅವಳು ಮೇಜಿನ ಮೇಲೆ ಅಂಗೈ ಇಟ್ಟು ನೋಡಿ, ಇನ್ನೂ ಆರು ತಿಂಗಳು ಬರುತ್ತದೆ ಎನ್ನುತ್ತಾಳೆ. ಅಂಗಡಿಯವನು ಎರಡು ಸಲ ಮನೆಗೆ ಬಂದು, ವಾರದಲ್ಲಿ ಮೂರು ದಿನ ಬಂದು ಕೂರಿ ಎಂದು ಅವಳನ್ನೇ ಕೇಳಿದ. ಅವಳು ಹೂಂ ಅನ್ನಲು ಒಂದು ತಿಂಗಳು ತೆಗೆದುಕೊಂಡಳು. ಈಗ ಹೋಗುತ್ತಾಳೆ. ಏಳದ ಕಂಪ್ಯೂಟರುಗಳೆಲ್ಲ ಅವಳ ಮೇಜಿಗೆ ಬರುತ್ತವೆ, ಒಂದೊಂದಕ್ಕೂ ಅವಳು ಒಂದೊಂದು ಹಾಳೆ ಬರೆಯುತ್ತಾಳೆ. ಸದ್ದಿನ ಮನೆಯನ್ನು ಅಂಗಡಿಯವನು ತುಂಬುತ್ತಾನೆ. ನನ್ನ ಆ ಕೆಲಸ ಹೋಯಿತು.

ಮಳೆಗಾಲ ಹಿಡಿಯುವ ಮೊದಲು ಬಸವನ ಬಾಗೇವಾಡಿಯ ಕಡೆಯ ಹಳ್ಳಿಯಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ನಮ್ಮ ಹನ್ನೊಂದು ಮಕ್ಕಳಲ್ಲಿ ಒಬ್ಬಳು, ಎರಡು ಬಸ್ ಬದಲಿಸಿ ಬಂದಿದ್ದಳು. ತಂದೆ ನನ್ನ ಎದುರು ಕೂತು, ನಿಮ್ಮಿಂದ ನಮ್ಮ ಹುಡುಗಿ ಪಾಸಾದಳು ಎಂದು ಶುರು ಮಾಡಿದರು. ಅಷ್ಟರಲ್ಲಿ ಹುಡುಗಿ ನನ್ನನ್ನು ದಾಟಿ ತಂಗಿಯ ಹತ್ತಿರ ಹೋಗಿದ್ದಳು. ಇಬ್ಬರೂ ಕಿಟಕಿಯ ಪಕ್ಕ ನಿಂತು ಮಾತಿಗಿಳಿದರು. ನಾಲ್ಕು ಕೈಗಳು ಎಷ್ಟು ವೇಗವಾಗಿ ಹೋಗುತ್ತಿದ್ದವು ಎಂದರೆ, ಮೂವತ್ತು ವರ್ಷ ಅವಳ ಕೈ ಓದಿದ ನನಗೂ ಹಿಡಿಯಲಾಗಲಿಲ್ಲ. ಹುಡುಗಿ ಏನೋ ಕೇಳುತ್ತಿದ್ದಳು, ತಂಗಿ ನಗುತ್ತಿದ್ದಳು, ಮತ್ತೆ ಗಂಭೀರವಾಗಿ ಏನೋ ವಿವರಿಸುತ್ತಿದ್ದಳು. ತಂದೆಯವರು ಮಾತು ನಿಲ್ಲಿಸಿ ಅವರನ್ನೇ ನೋಡಿದರು. ಮಗಳು ಇಷ್ಟು ಮಾತಾಡುವುದನ್ನು ಅವರು ಕಂಡಿರಲಿಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

"ಏನ್ ಅನ್ನಾಕತ್ತಾರ್ರಿ ಅಕ್ಕಾರ?" ಎಂದು ಮೆಲ್ಲಗೆ ಕೇಳಿದರು.

"ನನಗೂ ತಿಳೀವಲ್ದ್ರಿ," ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿದ್ದ ಹೆಮ್ಮೆ ಅವರಿಗೆ ವಿಚಿತ್ರವೆನಿಸಿರಬೇಕು. ನಾವಿಬ್ಬರೂ ಕೂತು ನೋಡುತ್ತಿದ್ದೆವು.